ಡೀಸೆಲ್ ಸೋರುತ್ತಿದೆಯೇ? ಬಿಗಿಯುವ ಮುನ್ನ ಹುಡುಕಿ

ಸುಳ್ಯದ ಮಂಡೆಕೋಲು, ಅಜ್ಜಾವರ, ಜಾಲ್ಸೂರು ಕಡೆಯ ತೋಟದ ಮನೆಗಳಲ್ಲಿ ಮಳೆಗಾಲ ಶುರುವಾದರೆ ಕರೆಂಟನ್ನು ನಂಬಿ ಕೂರಲಾಗುವುದಿಲ್ಲ. ಗಾಳಿಗೆ ಮುರಿದ ಒಂದು ಗೆಲ್ಲು ತಂತಿಯ ಮೇಲೆ ಬಿದ್ದರೆ ಸಾಕು. ಕಾಡು, ರಬ್ಬರ್ ತೋಟಗಳ ನಡುವೆ ಹಾದುಬಂದ ಲೈನಿನಲ್ಲಿ ಅದು ಎಲ್ಲಿ ಬಿದ್ದಿದೆ ಎಂದು ಪತ್ತೆಯಾಗುವಷ್ಟರಲ್ಲಿ ಹೊತ್ತು ಕಳೆದಿರುತ್ತದೆ. ಅಷ್ಟರೊಳಗೆ ಬಾವಿಯ ನೀರು ಟ್ಯಾಂಕಿಗೆ ಏರಬೇಕು, ಹಾಲು ಕರೆಯುವ ಮೆಷಿನ್ ಓಡಬೇಕು, ಫೋನು ಚಾರ್ಜ್ ಆಗಬೇಕು. ಆಗ ಕೈಹಿಡಿಯುವುದು ಶೆಡ್ಡಿನ ಮೂಲೆಯ ಹಳೆಯ ಡೀಸೆಲ್ ಜನರೇಟರ್. ಹಲವು ಕಡೆ ಅದು ಕಿರ್ಲೋಸ್ಕರ್ ಮಾದರಿಯ 5 ಎಚ್.ಪಿ.ಯ ಒಂಟಿ ಸಿಲಿಂಡರ್ ಎಂಜಿನ್. ಹಿಂದೆ ಹೊಳೆಯಿಂದಲೋ ಕೆರೆಯಿಂದಲೋ ತೋಟಕ್ಕೆ ನೀರೆತ್ತುತ್ತಿದ್ದ ಎಂಜಿನಿಗೇ ಆಮೇಲೆ ಆಲ್ಟರ್ನೇಟರ್ ಜೋಡಿಸಿಕೊಂಡವರೂ ಇದ್ದಾರೆ.

ಈ ಎಂಜಿನುಗಳು ಗಟ್ಟಿ. ಎಣ್ಣೆ, ನೀರು ಸರಿಯಾಗಿ ನೋಡಿಕೊಂಡರೆ ದಶಕಗಟ್ಟಲೆ ದುಡಿಯುತ್ತವೆ. ಅವುಗಳ ಮುಪ್ಪಿನ ಮೊದಲ ಲಕ್ಷಣವೇ ಡೀಸೆಲ್ ಸೋರುವುದು. ಆಗ ಕೆಲವರು ಕೆಳಗೊಂದು ಡಬ್ಬ ಇಟ್ಟು, "ಹಳೇದಲ್ವಾ, ಸ್ವಲ್ಪ ಸೋರ್ತದೆ" ಎಂದು ಸುಮ್ಮನಾಗುತ್ತಾರೆ. ಇನ್ನು ಕೆಲವರು ಸ್ಪ್ಯಾನರ್ ಹಿಡಿದು ಕಂಡ ಕಂಡ ನಟ್ಟನ್ನೆಲ್ಲ ಬಿಗಿಯುತ್ತಾರೆ. ಎರಡೂ ಸರಿಯಲ್ಲ. ಸೋರಿಕೆ ಎಲ್ಲಿಂದ ಎಂದು ಖಚಿತವಾಗಿ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಬಹಳಷ್ಟು ಸೋರಿಕೆಗಳನ್ನು ಮನೆಯಲ್ಲೇ, ಕೆಲವೇ ರೂಪಾಯಿಯ ವಾಶರ್, ಪೈಪ್ ತಂದು ಸರಿಪಡಿಸಬಹುದು. ಕೆಲವನ್ನು ಮಾತ್ರ ಮುಟ್ಟದೆ ಅಂಗಡಿಗೆ ಕೊಡಬೇಕು. ಯಾವುದು ಯಾವ ಗುಂಪಿನದು ಎಂದು ತಿಳಿದಿರುವುದೇ ಮುಖ್ಯ.

ಸೋರಿಕೆ ಎಷ್ಟು ಎಂದು ಮೊದಲು ಅಳೆಯಿರಿ. ಔಷಧದ ಬಾಟಲಿಯ 10 ಮಿ.ಲೀ. ಅಳತೆಯ ಮುಚ್ಚಳವನ್ನು ಹನಿಯ ಕೆಳಗೆ ಇಟ್ಟು ಗಡಿಯಾರ ನೋಡಿ. ಹತ್ತು ನಿಮಿಷಕ್ಕೆ ಅದು ತುಂಬಿದರೆ ಗಂಟೆಗೆ 60 ಮಿ.ಲೀ. ದಿನಕ್ಕೆ 5 ಗಂಟೆ ಓಡಿಸಿದರೆ 300 ಮಿ.ಲೀ., ತಿಂಗಳಿಗೆ 9 ಲೀಟರ್. ಡಬ್ಬಕ್ಕೆ ಬೀಳುವ ಹನಿಯನ್ನು ಹೀಗೆ ಲೆಕ್ಕ ಹಾಕಿದ ಮೇಲೆ "ಸ್ವಲ್ಪ" ಎನ್ನಲು ಮನಸ್ಸು ಬರುವುದಿಲ್ಲ.

ಡೀಸೆಲ್ ಸಾಗುವ ದಾರಿ

ಡೀಸೆಲ್ಲಿನ ದಾರಿಯನ್ನು ಮೂರು ಭಾಗ ಮಾಡಿಕೊಳ್ಳಿ. ಮೊದಲನೆಯದು ಟ್ಯಾಂಕ್, ಟ್ಯಾಪ್, ಪೈಪ್, ಫಿಲ್ಟರ್, ಅಲ್ಲಿಂದ ಪಂಪಿನ ಬಾಯಿಯವರೆಗೆ. ಇಲ್ಲಿ ಒತ್ತಡವೇ ಇಲ್ಲವೆನ್ನುವಷ್ಟು ಕಡಿಮೆ. ಟ್ಯಾಂಕ್ ಮೇಲಿರುವ ಎಂಜಿನುಗಳಲ್ಲಿ ಡೀಸೆಲ್ ತನ್ನ ಭಾರಕ್ಕೇ ಇಳಿದು ಬರುತ್ತದೆ. ಎರಡನೆಯದು ಪಂಪಿನಿಂದ ನೋಜಲಿನವರೆಗಿನ ಒಂದು ಉಕ್ಕಿನ ಪೈಪ್. ಮೊಳದಷ್ಟೂ ಉದ್ದವಿಲ್ಲದ ಈ ಭಾಗವೇ ಅಪಾಯದ್ದು. ಮೂರನೆಯದು ನೋಜಲಿನಿಂದ ಟ್ಯಾಂಕಿಗೋ ಫಿಲ್ಟರಿಗೋ ಮರಳುವ ತೆಳ್ಳಗಿನ ಓವರ್‌ಫ್ಲೋ ಪೈಪ್.

ಈ ಮೂರನೆಯ ದಾರಿ ಏಕಿದೆ ಎಂದು ತಿಳಿದರೆ ಅನಗತ್ಯ ಗಾಬರಿ ತಪ್ಪುತ್ತದೆ. ನೋಜಲಿನೊಳಗಿನ ಸೂಜಿ ಮತ್ತು ಅದರ ಮನೆಯ ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲಿ ಎರಡು-ಮೂರು ಭಾಗದಷ್ಟು. ಅಷ್ಟು ಸಂದಿನಲ್ಲೂ ಸ್ವಲ್ಪ ಡೀಸೆಲ್ ನುಸುಳಿ ಸೂಜಿಯನ್ನು ಜಾರುವಂತೆ ಇಡಬೇಕು. ನುಸುಳಿದ್ದು ಓವರ್‌ಫ್ಲೋ ಪೈಪಿನಲ್ಲಿ ವಾಪಸಾಗಬೇಕು. ಆ ಪೈಪಿನಲ್ಲಿ ಆಗೊಂದು ಈಗೊಂದು ಹನಿ ಬರುವುದು ದೋಷವಲ್ಲ. ಧಾರೆ ಬಂದರೆ ನೋಜಲ್ ಸವೆದಿದೆ ಎಂದು ಅರ್ಥ.

ಹುಡುಕುವ ಕ್ರಮ

ಎಂಜಿನ್ ಪೂರ್ತಿ ತಣಿದ ಮೇಲೆ ಕೆಲಸ ಶುರು ಮಾಡಿ. ಬ್ರಷ್ಷಿಗೆ ಸ್ವಲ್ಪ ಡೀಸೆಲ್ ಹಚ್ಚಿ ಹಳೆಯ ಜಿಡ್ಡು, ಧೂಳು, ಜೇಡರಬಲೆ ಎಲ್ಲವನ್ನೂ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ. ಜಿಡ್ಡಿನ ಮೇಲೆ ಹುಡುಕಿದರೆ ಯಾವಾಗಲೂ ತಪ್ಪು ಜಾಗವೇ ಸಿಗುತ್ತದೆ, ಏಕೆಂದರೆ ಡೀಸೆಲ್ ಹರಿದು ಎಲ್ಲಕ್ಕಿಂತ ಕೆಳಗಿನ ನಟ್ಟಿನಲ್ಲಿ ಹನಿಯಾಗುತ್ತದೆ. ಹನಿ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ.

ಒರೆಸಿದ ಮೇಲೆ ಜೋಡಣೆಗಳ ಮೇಲೆ ಮುಖಕ್ಕೆ ಹಾಕುವ ಪೌಡರನ್ನು ತೆಳುವಾಗಿ ಉದುರಿಸಿ. ಬೋರ್ಡೋ ದ್ರಾವಣಕ್ಕೆ ತಂದ ಸುಣ್ಣ ಹತ್ತಿರವೇ ಇದ್ದರೂ ಅದು ಬೇಡ. ಒಳಗೆ ಹೋದರೆ ಪಂಪಿಗೆ ಕೇಡು. ಟ್ಯಾಪ್ ತೆರೆದು, ಎಂಜಿನ್ ಓಡಿಸದೆ ಹದಿನೈದು ನಿಮಿಷ ಬಿಡಿ. ಬಿಳಿ ಹುಡಿಯ ಮೇಲೆ ಮೊದಲು ಎಲ್ಲಿ ಒದ್ದೆಯ ಕಪ್ಪು ಚುಕ್ಕೆ ಮೂಡುತ್ತದೋ ಅದೇ ಸೋರುವ ಜಾಗ. ಏನೂ ಕಾಣದಿದ್ದರೆ ಸೋರಿಕೆ ಇರುವುದು ಎಂಜಿನ್ ಓಡುವಾಗ ಮಾತ್ರ, ಅಂದರೆ ಎರಡನೆಯ ಇಲ್ಲವೇ ಮೂರನೆಯ ಭಾಗದಲ್ಲಿ. ಇಷ್ಟರಿಂದಲೇ ಹುಡುಕಾಟದ ಜಾಗ ತೀರಾ ಚಿಕ್ಕದಾಗುತ್ತದೆ.

ಟ್ಯಾಂಕಿನಿಂದ ಪಂಪಿನವರೆಗೆ

ಹೆಚ್ಚಿನ ಸೋರಿಕೆಗಳು ಇಲ್ಲಿಯವೇ. ಟ್ಯಾಂಕಿನ ತಳದಲ್ಲಿ ನೀರು ನಿಂತು ಒಳಗಿನಿಂದ ತುಕ್ಕು ಹಿಡಿದರೆ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ತುರ್ತಿಗೆ ಬಟ್ಟೆ ಒಗೆಯುವ ಬಾರ್ ಸೋಪನ್ನು ಆ ಜಾಗಕ್ಕೆ ಗಟ್ಟಿಯಾಗಿ ಉಜ್ಜಿದರೆ ಸೋರುವುದು ನಿಲ್ಲುತ್ತದೆ. ಸೋಪು ಡೀಸೆಲ್ಲಿನಲ್ಲಿ ಕರಗುವುದಿಲ್ಲ. ಅದು ಒಂದೆರಡು ದಿನದ ಮಾತು. ಆಮೇಲೆ ಟ್ಯಾಂಕ್ ಖಾಲಿ ಮಾಡಿ, ಒಣಗಿಸಿ, ಉಜ್ಜುಕಾಗದದಲ್ಲಿ ಲೋಹ ಹೊಳೆಯುವವರೆಗೆ ಕೆರೆದು ಎಂ-ಸೀಲ್ ಹಾಕಬಹುದು. ಬೆಸುಗೆ ಹಾಕಿಸುವುದಾದರೆ ತುಂಬ ಎಚ್ಚರ ಬೇಕು. ಖಾಲಿ ಟ್ಯಾಂಕಿನೊಳಗೆ ಉಳಿದ ಆವಿ ಸಿಡಿಯಬಲ್ಲದು. ಸೋಪಿನ ಬಿಸಿನೀರಿನಲ್ಲಿ ಹಲವು ಸಲ ತೊಳೆದು, ಬೆಸುಗೆಯ ಜಾಗದ ಹತ್ತಿರದವರೆಗೂ ನೀರು ತುಂಬಿಸದೆ ಯಾವ ವೆಲ್ಡರಿಗೂ ಟ್ಯಾಂಕ್ ಕೊಡಬೇಡಿ.

ಮುಂದಿನದು ಪೈಪ್. ಅಗ್ಗದ ಪಾರದರ್ಶಕ ಪೈಪ್ ಡೀಸೆಲ್ಲಿನಲ್ಲಿ ವರ್ಷ ಕಳೆದಂತೆ ಹಳದಿಯಾಗಿ, ಕಡ್ಡಿಯಂತೆ ಸೆಟೆದು, ತುದಿಯಲ್ಲಿ ಬಿರಿಯುತ್ತದೆ. ತುದಿಯನ್ನು ಒಂದು ಇಂಚು ಕತ್ತರಿಸಿ ಮತ್ತೆ ಸಿಕ್ಕಿಸುವುದು ತಾತ್ಕಾಲಿಕ. ಇಡೀ ಪೈಪನ್ನೇ ಬದಲಿಸಿ, ಅಂಗಡಿಯಲ್ಲಿ ಡೀಸೆಲ್ ಪೈಪೆಂದೇ ಕೇಳಿ ತನ್ನಿ. ತಂತಿ ಸುತ್ತಿ ಬಿಗಿಯುವ ಬದಲು ಸರಿಯಾದ ಅಳತೆಯ ಕ್ಲಿಪ್ ಹಾಕಿ. ತಂತಿ ಒಂದು ಕಡೆ ಕೊಯ್ದು ಇನ್ನೊಂದು ಕಡೆ ಸಡಿಲ ಬಿಡುತ್ತದೆ.

ಸುಳ್ಯದ ಸುತ್ತ ರಬ್ಬರಿಗೆ ಬರವಿಲ್ಲ. ಸೈಕಲ್ ಟ್ಯೂಬಿನ ತುಂಡನ್ನು ವಾಶರಿನಂತೆ ಕತ್ತರಿಸಿ ಹಾಕುವುದು ಎಲ್ಲ ಕಡೆ ಕಾಣುವ ಅಭ್ಯಾಸ. ನೀರಿನ ಪಂಪಿಗೆ ಅದು ಸರಿ, ಡೀಸೆಲ್ಲಿಗೆ ಆಗದು. ಮರದ ಹಾಲಿನಿಂದ ಬರುವ ರಬ್ಬರ್ ಡೀಸೆಲ್ ಹೀರಿ ಉಬ್ಬಿ, ಮೆತ್ತಗಾಗಿ, ಚೂರು ಚೂರಾಗಿ ಫಿಲ್ಟರ್ ಕಟ್ಟುತ್ತದೆ. ಡೀಸೆಲ್ಲಿಗೆ ಬೇಕಾದ್ದು ನೈಟ್ರೈಲ್ ರಬ್ಬರ್; ಇನ್ನೂ ಬಾಳಿಕೆಯದು ವೈಟಾನ್.

ಹಳೆಯ ನೈಟ್ರೈಲ್ ರಿಂಗುಗಳೂ ಈಚಿನ ವರ್ಷಗಳಲ್ಲಿ ಸೋರಲು ಒಂದು ಕಾರಣವಿದೆ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಸಿಗುವುದು ಬಿ.ಎಸ್.-6 ಡೀಸೆಲ್. ಅದರಲ್ಲಿ ಗಂಧಕದ ಮಿತಿ ಹತ್ತು ಲಕ್ಷದಲ್ಲಿ 10 ಭಾಗ. ಅದಕ್ಕೆ ಮೊದಲು 50 ಇತ್ತು, ಇನ್ನೂ ಹಿಂದೆ ಅದಕ್ಕಿಂತ ಎಷ್ಟೋ ಹೆಚ್ಚು. ಗಂಧಕ ತೆಗೆಯುವಾಗ ರಬ್ಬರನ್ನು ಉಬ್ಬಿಸಿಡುವ ಕೆಲವು ಅಂಶಗಳೂ ಕಡಿಮೆಯಾಗುತ್ತವೆ. ಹಳೆಯ ಡೀಸೆಲ್ಲಿನಲ್ಲಿ ಉಬ್ಬಿ ಕೂತು ಗಡುಸಾದ ರಿಂಗ್ ಹೊಸ ಡೀಸೆಲ್ಲಿನಲ್ಲಿ ಕುಗ್ಗಿ ಸಂದು ಬಿಡುತ್ತದೆ. 1993ರಲ್ಲಿ ಅಮೆರಿಕ ಕಡಿಮೆ ಗಂಧಕದ ಡೀಸೆಲ್ಲಿಗೆ ಹೊರಳಿದಾಗ ಅಲ್ಲಿಯೂ ಹಳೆಯ ಪಂಪುಗಳು ಇದೇ ರೀತಿ ಸೋರಿದ್ದವು. ಹಾಗಾಗಿ ಹಳೆಯ ರಿಂಗನ್ನು ಬಿಗಿದು ಪ್ರಯೋಜನವಿಲ್ಲ, ಹೊಸದು ಹಾಕಲೇಬೇಕು.

ಫಿಲ್ಟರಿನಲ್ಲಿ ಒಂದು ಸಣ್ಣ ಸಂಗತಿಯಿಂದ ಬಹಳ ಜನ ಮೋಸ ಹೋಗುತ್ತಾರೆ. ಎಲಿಮೆಂಟ್ ಬದಲಿಸುವಾಗ ಹಳೆಯ ರಬ್ಬರ್ ರಿಂಗ್ ಮೇಲಿನ ಮುಚ್ಚಳಕ್ಕೆ ಅಂಟಿಕೊಂಡೇ ಉಳಿದು, ಅದರ ಮೇಲೆ ಹೊಸದು ಕೂರುತ್ತದೆ. ಎರಡು ರಿಂಗ್ ಸೇರಿದರೆ ಎಷ್ಟು ಬಿಗಿದರೂ ಸೋರುತ್ತದೆ. ಬೆರಳಿನಿಂದ ಸುತ್ತಲೂ ಸವರಿ ಹಳೆಯದು ಬಂದಿದೆ ಎಂದು ಖಚಿತಪಡಿಸಿ, ಹೊಸದನ್ನು ಡೀಸೆಲ್ಲಿನಲ್ಲಿ ಅದ್ದಿ ಕೂರಿಸಿ.

ತಾಮ್ರದ ವಾಶರಿನ ಕೆಲಸ

ಫಿಲ್ಟರ್ ಮತ್ತು ಪಂಪಿಗೆ ಪೈಪ್ ಸೇರುವ ಕಡೆ ಬೆಂಜೋ ಬೋಲ್ಟ್ ಇರುತ್ತದೆ. ನಡುವೆ ತೂತಿರುವ ಟೊಳ್ಳು ಬೋಲ್ಟ್ ಅದು. ಅದರ ತಲೆಯ ಕೆಳಗೊಂದು, ಪೈಪಿನ ಬಳೆಯ ಆಚೆಗೊಂದು, ಹೀಗೆ ಎರಡು ವಾಶರ್. ಸೋರಿಕೆ ತಡೆಯುವುದು ಬೋಲ್ಟಿನ ಮರೆ (ಥ್ರೆಡ್) ಅಲ್ಲ, ಈ ವಾಶರುಗಳು. ತಾಮ್ರ ಮೆತ್ತಗಿದ್ದಾಗ ಒತ್ತಿದ ಜಾಗದ ಗೀರುಗಳೊಳಗೆ ತುಂಬಿಕೊಂಡು ಕೂರುತ್ತದೆ. ಒಮ್ಮೆ ಒತ್ತಿದ ಮೇಲೆ ಗಡುಸಾಗುತ್ತದೆ. ಬಿಚ್ಚಿ ಮತ್ತೆ ಹಾಕಿದಾಗ ಹಳೆಯ ಅಚ್ಚು ಹೊಸ ಜಾಗಕ್ಕೆ ಹೊಂದುವುದಿಲ್ಲ. ಆಗ ಜೋರಾಗಿ ಬಿಗಿದರೆ ಟೊಳ್ಳು ಬೋಲ್ಟ್ ತುಂಡಾಗಿ ಅರ್ಧ ಒಳಗೇ ಉಳಿಯುತ್ತದೆ.

ಹೊಸ ವಾಶರ್ ಹಾಕುವುದು ಉತ್ತಮ. ಪೇಟೆಗೆ ಹೋಗಲಾಗದ ದಿನ ಹಳೆಯದನ್ನೇ ಹದ ಮಾಡಬಹುದು. ವಾಶರನ್ನು ತಂತಿಗೆ ಸಿಕ್ಕಿಸಿ, ಶೆಡ್ಡಿನಿಂದ ದೂರ, ಅಡುಗೆಯ ಗ್ಯಾಸ್ ಉರಿಯಲ್ಲಿ ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿನಲ್ಲಿ ಅದ್ದಿ. ಕಬ್ಬಿಣದಂತಲ್ಲದೆ ತಾಮ್ರ ಹೀಗೆ ಮಾಡಿದರೆ ಮೆತ್ತಗಾಗುತ್ತದೆ. ಮೇಲೆ ಕಟ್ಟಿದ ಕಪ್ಪನ್ನು ತೆಗೆಯಲು ಗಾಜಿನ ತುಂಡಿನ ಮೇಲೆ ನಯವಾದ ಉಜ್ಜುಕಾಗದ ಹಾಸಿ, ವಾಶರನ್ನು ಬೆರಳಿನಲ್ಲಿ ಒತ್ತಿ ಎಂಟರ ಆಕಾರದಲ್ಲಿ ನಾಲ್ಕಾರು ಸಲ ಉಜ್ಜಿ. ಎರಡೂ ಮುಖ ಒಂದೇ ಸಮ ಹೊಳೆದರೆ ಅದು ಮತ್ತೆ ಬಳಕೆಗೆ ಬರುತ್ತದೆ. ಬೆಳ್ಳಗಿನ ಅಲ್ಯುಮಿನಿಯಂ ವಾಶರಿಗೆ ಈ ಉಪಚಾರ ಬೇಡ. ಅದನ್ನು ಪ್ರತಿ ಸಲ ಬದಲಿಸಿ.

ಟೆಫ್ಲಾನ್ ಟೇಪನ್ನು ಡೀಸೆಲ್ ಪೈಪಿನ ಹತ್ತಿರ ತರಬೇಡಿ. ನಲ್ಲಿಗೆ ಸುತ್ತುವ ಆ ಟೇಪಿನ ಎಳೆ ಹರಿದು ಒಳಗೆ ಸಾಗಿದರೆ ನೋಜಲಿನ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆ ತೂತುಗಳ ಅಗಲ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಮಾತ್ರ. ಸಿಲಿಕಾನ್ ಗಮ್ಮೂ ಬೇಡ. ಡೀಸೆಲ್ಲಿನಲ್ಲಿ ಅದು ಉಬ್ಬಿ ಕಿತ್ತುಬರುತ್ತದೆ.

ಪಂಪಿನಿಂದ ನೋಜಲಿಗೆ: ಕೈ ದೂರವಿರಲಿ

ಈ ಭಾಗಕ್ಕೆ ಬರುವಾಗ ನಿಯಮಗಳೇ ಬೇರೆ. ಈ ಎಂಜಿನುಗಳ ನೋಜಲ್ ತೆರೆಯುವುದು ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋ ಒತ್ತಡಕ್ಕೆ, ಅಂದರೆ ಬೈಕಿನ ಟಯರಿನ ಗಾಳಿಯ ಒತ್ತಡದ ಸುಮಾರು ನೂರು ಪಟ್ಟು. ಹ್ಯಾಂಡಲ್ ಹಾಕಿ ತಿರುಗಿಸುವಾಗಲೂ ಈ ಒತ್ತಡ ಹುಟ್ಟುತ್ತದೆ. ಪೈಪಿನಲ್ಲಿ ಕೂದಲೆಳೆಯ ಬಿರುಕಿದ್ದರೆ ಹೊರಬರುವ ಮಂಜಿನಂಥ ಎಳೆ ಕಣ್ಣಿಗೆ ಸರಿಯಾಗಿ ಕಾಣದು, ಆದರೆ ಚರ್ಮವನ್ನು ತೂರಿ ಒಳಗೆ ಹೋಗಬಲ್ಲದು. ಗಾಯ ಇರುವೆ ಕಚ್ಚಿದಷ್ಟೇ ಕಾಣುತ್ತದೆ, ಮೊದಲಿಗೆ ನೋವೂ ಕಡಿಮೆ. ಕೆಲವು ಗಂಟೆಗಳಲ್ಲಿ ಒಳಗಿನ ಮಾಂಸ ಕೊಳೆಯತೊಡಗಿ ಬೆರಳನ್ನೇ ಕಳೆದುಕೊಂಡವರಿದ್ದಾರೆ. ಹೀಗಾದರೆ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಸುಳ್ಯದ ಆಸ್ಪತ್ರೆಗೆ ಹೋಗಿ, ಹೆಚ್ಚಿನ ಒತ್ತಡದ ಡೀಸೆಲ್ ಒಳಹೊಕ್ಕಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ. ಇದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ಹಾಗಾಗಿ ಇಲ್ಲಿ ಬೆರಳಿನಿಂದ ಸವರಿ ನೋಡುವುದು ಸಲ್ಲ. ಕನ್ನಡಕ ಹಾಕಿಕೊಂಡು, ಉದ್ದದ ಕೋಲಿಗೆ ರಟ್ಟಿನ ತುಂಡು ಕಟ್ಟಿ, ಎಂಜಿನ್ ಓಡುವಾಗ ಪೈಪಿನ ಉದ್ದಕ್ಕೂ ಹಿಡಿಯಿರಿ. ಒದ್ದೆಯ ಗೆರೆ ಮೂಡಿದ ಕಡೆ ಬಿರುಕಿದೆ. ಆ ಪೈಪಿಗೆ ಬೆಸುಗೆ, ಎಂ-ಸೀಲ್, ಬಟ್ಟೆ ಸುತ್ತುವುದು ಯಾವುದೂ ನಡೆಯದು. ಅದೇ ಉದ್ದ, ಅದೇ ಒಳಅಳತೆಯ ಹೊಸ ಪೈಪ್ ಬೇಕು. ಹಳೆಯದು ಏಕೆ ಬಿರಿಯಿತು ಎಂದೂ ನೋಡಿ. ಪೈಪನ್ನು ಹಿಡಿದಿಡುವ ಕ್ಲಾಂಪ್ ಕಳಚಿದ್ದರೆ ಅದುರಿ ಅದುರಿ ಹೊಸದೂ ಅದೇ ಜಾಗದಲ್ಲಿ ಬಿರಿಯುತ್ತದೆ.

ಸೋರುವುದು ನಟ್ಟಿನ ಬುಡದಲ್ಲಾದರೆ, ಎಂಜಿನ್ ನಿಲ್ಲಿಸಿ ನಟ್ಟು ಬಿಚ್ಚಿ, ಪೈಪಿನ ಗುಂಡು ತುದಿ ಮತ್ತು ಅದು ಕೂರುವ ಜಾಗದಲ್ಲಿ ಕಸವಿದೆಯೇ ನೋಡಿ. ಶುದ್ಧ ಡೀಸೆಲ್ಲಿನಲ್ಲಿ ತೊಳೆದು, ನಟ್ಟನ್ನು ಬೆರಳಿನಿಂದಲೇ ಮೂರು-ನಾಲ್ಕು ಸುತ್ತು ತಿರುಗಿಸಿ. ಬೆರಳಿಗೆ ಬಗ್ಗದಿದ್ದರೆ ಮರೆ ಅಡ್ಡ ಹತ್ತಿದೆ. ಸ್ಪ್ಯಾನರ್ ಹಾಕದೆ ಮತ್ತೆ ಮೊದಲಿನಿಂದ ಕೂರಿಸಿ. ಪಂಪಿನ ಕಡೆಯ ನಟ್ಟು ಬಿಚ್ಚುವಾಗ ಯಾವಾಗಲೂ ಎರಡು ಸ್ಪ್ಯಾನರ್ ಬೇಕು: ಒಂದರಿಂದ ಕೆಳಗಿನ ಡೆಲಿವರಿ ವಾಲ್ವ್ ಹೋಲ್ಡರನ್ನು ಹಿಡಿದು ಇನ್ನೊಂದರಿಂದ ನಟ್ಟು ತಿರುಗಿಸಬೇಕು. ಒಂದೇ ಸ್ಪ್ಯಾನರ್ ಬಳಸಿದರೆ ಹೋಲ್ಡರೂ ಜೊತೆಗೆ ತಿರುಗಿ, ಇಲ್ಲದ ಸೋರಿಕೆ ಅಲ್ಲಿ ಶುರುವಾಗುತ್ತದೆ.

ನೋಜಲ್ ತಲೆಯ ಸುತ್ತ ಕಪ್ಪು, ಒದ್ದೆ ಮಸಿ ಕಟ್ಟಿ, ಓಡುವಾಗ ಚುಸ್ ಚುಸ್ ಸದ್ದು ಬಂದರೆ ಸೋರುತ್ತಿರುವುದು ಸಿಲಿಂಡರಿನ ಬಿಸಿ ಗಾಳಿ. ನೋಜಲಿನ ಕೆಳಗಿನ ತಾಮ್ರದ ವಾಶರ್ ಬದಲಿಸಬೇಕು. ಹಳೆಯದು ಗುಳಿಯ ತಳದಲ್ಲೇ ಉಳಿದಿಲ್ಲ ಎಂದು ಟಾರ್ಚ್ ಹಾಕಿ ನೋಡಿ.

ಕಣ್ಣಿಗೆ ಕಾಣದ ಎರಡು ಸೋರಿಕೆ

ಟ್ಯಾಂಕ್ ಕೆಳಗಿದ್ದು ಫೀಡ್ ಪಂಪ್ ಡೀಸೆಲ್ ಎಳೆಯುವ ಜನರೇಟರುಗಳಲ್ಲಿ ಸಂದಿನಿಂದ ಡೀಸೆಲ್ ಹೊರಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ನೆಲ ಒಣಗಿಯೇ ಇರುತ್ತದೆ, ಆದರೆ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಸ್ಟಾರ್ಟ್ ಆದರೂ ಓಡುವಾಗ ತಡವರಿಸುತ್ತದೆ. ಫಿಲ್ಟರಿಗೆ ಮುಂಚೆ ಗೇಣುದ್ದ ಪಾರದರ್ಶಕ ಪೈಪನ್ನು ತಾತ್ಕಾಲಿಕವಾಗಿ ಜೋಡಿಸಿ ಓಡಿಸಿದರೆ ಗುಳ್ಳೆಗಳು ಕಾಣುತ್ತವೆ. ಗುಳ್ಳೆ ಕಂಡರೆ ತಪ್ಪಿರುವುದು ಆ ಪೈಪಿಗೂ ಟ್ಯಾಂಕಿಗೂ ನಡುವೆ.

ಎರಡನೆಯದು ಎಂಜಿನಿನ ಹೊಟ್ಟೆಯೊಳಗಿನದು. ಪಂಪಿನ ಪ್ಲಂಜರ್ ಸವೆದರೆ ಡೀಸೆಲ್ ಅದರ ಬದಿಯಿಂದ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಡಿಪ್‌ಸ್ಟಿಕ್ ತೆಗೆದು ನೋಡಿ: ಆಯಿಲ್ ಕಡಿಮೆಯಾಗುವ ಬದಲು ಮೇಲೇರಿದ್ದರೆ, ಬೆರಳುಗಳ ನಡುವೆ ನೀರಾಗಿದ್ದರೆ, ಡೀಸೆಲ್ ವಾಸನೆ ಬಂದರೆ ಎಂಜಿನ್ ಓಡಿಸಬೇಡಿ. ತೆಳ್ಳಗಾದ ಆಯಿಲಿನಲ್ಲಿ ಬೇರಿಂಗ್ ಸುಡುತ್ತದೆ. ಪಂಪ್ ರಿಪೇರಿ ಮಾಡಿಸಿ, ಆಯಿಲ್ ಪೂರ್ತಿ ಬದಲಿಸಿದ ಮೇಲೆಯೇ ಮುಂದಿನ ಮಾತು. ಟ್ಯಾಂಕ್ ಮೇಲಿರುವ ಎಂಜಿನುಗಳಲ್ಲಿ ಇದು ರಾತ್ರಿಯಿಡೀ ಸದ್ದಿಲ್ಲದೆ ನಡೆಯುತ್ತದೆ. ಆದ್ದರಿಂದ ಎಂಜಿನನ್ನು ಸ್ಟಾಪ್ ಲಿವರಿನಿಂದಲೇ ನಿಲ್ಲಿಸಿ, ಆಮೇಲೆ ಟ್ಯಾಂಕಿನ ಟ್ಯಾಪ್ ಮುಚ್ಚುವುದನ್ನು ರೂಢಿ ಮಾಡಿಕೊಳ್ಳಿ.

ಕೊನೆಗೆ ಏರ್ ತೆಗೆಯುವುದು

ಡೀಸೆಲ್ ದಾರಿಯನ್ನು ಎಲ್ಲಿ ಬಿಚ್ಚಿದರೂ ಗಾಳಿ ಸೇರುತ್ತದೆ. ಟ್ಯಾಪ್ ತೆರೆದು, ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿಯಿರಿ. ಪಂಪಿನ ಸ್ಕ್ರೂವಿಗೂ ಹೀಗೆಯೇ ಮಾಡಿ. ನಂತರ ನೋಜಲಿನ ಕಡೆಯ ನಟ್ಟನ್ನು ಒಂದು ಸುತ್ತು ಸಡಿಲಿಸಿ, ಡೀಕಂಪ್ರೆಷನ್ ಲಿವರ್ ಎತ್ತಿ, ಮುಖವನ್ನು ದೂರವಿಟ್ಟು ಹ್ಯಾಂಡಲ್ ತಿರುಗಿಸಿ. ಗುಳ್ಳೆಯಿಲ್ಲದ ಡೀಸೆಲ್ ಬಂದ ಕೂಡಲೇ ನಟ್ಟು ಬಿಗಿಯಿರಿ. ಈಗ ಮತ್ತೆ ತಿರುಗಿಸಿದಾಗ ನೋಜಲಿನಿಂದ ಕರ್ ಕರ್ ಎಂಬ ಸದ್ದು ಲಯಬದ್ಧವಾಗಿ ಕೇಳಬೇಕು. ಕೇಳಿದರೆ ಲಿವರ್ ಬಿಡಿ, ಎಂಜಿನ್ ಹತ್ತುತ್ತದೆ.

ಅಂಗಡಿಗೆ ಏನು ಕೊಡಬೇಕು?

ಪಂಪಿನ ಒಳಭಾಗ, ಡೆಲಿವರಿ ವಾಲ್ವ್, ನೋಜಲ್ ಇವನ್ನು ಮನೆಯಲ್ಲಿ ಬಿಚ್ಚಬೇಡಿ. ಪ್ಲಂಜರ್ ಮತ್ತು ಅದರ ಬ್ಯಾರೆಲ್ ಜೋಡಿಯಾಗಿಯೇ ಉಜ್ಜಿ ಮಾಡಿದವು. ಒಂದರ ಜಾಗಕ್ಕೆ ಬೇರೆ ಜೋಡಿಯದು ಹೊಂದುವುದಿಲ್ಲ. ಹಳೆಯ ಪಂಪನ್ನು ಒರೆಸಿದರೆ ಅನೇಕ ಸಲ ಮೈಕೋ ಎಂಬ ಗುರುತು ಸಿಗುತ್ತದೆ. 1951ರಲ್ಲಿ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿಯದು ಅದು. 1927ರಲ್ಲಿ ಜರ್ಮನಿಯ ಬಾಷ್ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಡೀಸೆಲ್ ಪಂಪಿನ ವಿದ್ಯೆಯನ್ನು ಬೆಂಗಳೂರಿನ ಆಡುಗೋಡಿಗೆ ತಂದದ್ದು ಈ ಕಂಪೆನಿಯೇ. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಪಂಪ್-ನೋಜಲ್ ಅಂಗಡಿಯಲ್ಲಿ ಎಂಜಿನಿನ ಹೆಸರಿಗಿಂತ ಪಂಪಿನ ಮೇಲೆ ಕೊರೆದ ನಂಬರ್ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಫೋಟೋ ತೆಗೆದುಕೊಂಡು ಹೋಗಿ. ಪಂಪ್ ಬಿಚ್ಚುವಾಗ ಅದರ ಕೆಳಗಿರುವ ತೆಳು ಶಿಮ್‌ಗಳನ್ನು ಎಣಿಸಿ ಜೋಪಾನ ಮಾಡಿ. ಡೀಸೆಲ್ ಸಿಡಿಯುವ ಸಮಯ ನಿರ್ಧಾರವಾಗುವುದು ಅವುಗಳಿಂದ.

ನೀರು ಮತ್ತು ಬೆಂಕಿ

ನಮ್ಮ ಕಡೆ ಸೋರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎನ್ನಲು ದುಡ್ಡಿಗಿಂತ ದೊಡ್ಡ ಕಾರಣ ನೀರು. ಕಾಸರಗೋಡಿನಿಂದ ಪುತ್ತೂರು, ಸುಳ್ಯದವರೆಗೆ ಗುಡ್ಡದ ಮುರಕಲ್ಲು ಕೊರೆದು ಮಾಡಿದ ಸುರಂಗಗಳಿಂದ ಇಂದಿಗೂ ಕುಡಿಯುವ ನೀರು ಬರುತ್ತದೆ. ಮುರಕಲ್ಲು ನೀರಿನಂತೆ ಡೀಸೆಲ್ಲನ್ನೂ ಇಂಗಿಸಿಕೊಳ್ಳುತ್ತದೆ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ 3,500 ಮಿ.ಮೀ.ಗೂ ಮೀರಿದ ಮಳೆ, ಶೆಡ್ಡಿನ ನೆಲಕ್ಕೆ ಬಿದ್ದುದನ್ನು ಬಾವಿ, ತೋಡು ದಾಟಿಸಿ ಪಯಸ್ವಿನಿ ಹೊಳೆಗೆ ಸೇರಿಸುತ್ತದೆ. ರಿಪೇರಿ ಆಗುವವರೆಗೆ ಹನಿಯ ಕೆಳಗೆ ಅಂಚು ಮಡಚಿ ಕಟ್ಟಿದ ಅಡಿಕೆ ಹಾಳೆ ಇಟ್ಟರೂ ಆದೀತು. ಆ ಹಾಳೆ ಮತ್ತೆ ದನದ ಬಾಯಿಗೆ ಹೋಗದಿರಲಿ. ನೆಲಕ್ಕೆ ಚೆಲ್ಲಿದ್ದಕ್ಕೆ ನೀರು ಹಾಕಿ ತೊಳೆಯದೆ ಮರದ ಹುಡಿ ಹಾಕಿ ಹೀರಿಸಿ, ಬಾವಿಯಿಂದ ದೂರಕ್ಕೆ ಸಾಗಿಸಿ.

ಡೀಸೆಲ್ ಪೆಟ್ರೋಲಿನಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ ಎಂಬುದು ನಿಜ. ಆದರೆ ಮಂಜಾಗಿ ಸಿಡಿದು ಕೆಂಡದಂತೆ ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಹೊತ್ತುತ್ತದೆ. ಅಡಿಕೆ ಸಿಪ್ಪೆ, ಸೋಗೆ, ಗೋಣಿ ಅದೇ ಶೆಡ್ಡಿನಲ್ಲಿ ಬೇಡ. ಬೆಂಕಿಗೆ ನೀರೆರಚದೆ ಒಣ ಮರಳು ಹಾಕಿ. ಒಂದು ಡ್ರೈ ಪೌಡರ್ ಸಿಲಿಂಡರ್ ಬಾಗಿಲ ಹತ್ತಿರ ಇರಲಿ.

ಮೇ ತಿಂಗಳಲ್ಲಿ ಮಾಡಿಟ್ಟುಕೊಳ್ಳಿ

ಟ್ಯಾಂಕಿನ ತಳದ ನೀರು, ಕೆಸರು ಬಸಿದು ಟ್ಯಾಂಕ್ ತುಂಬಿಸಿಡಿ. ಅರ್ಧ ಖಾಲಿ ಟ್ಯಾಂಕಿನೊಳಗೆ ತೇವ ಬೆವರಿ ನೀರಾಗುತ್ತದೆ, ಆ ನೀರಿನಲ್ಲಿ ಫಿಲ್ಟರ್ ಕಟ್ಟುವ ಲೋಳೆ ಬೆಳೆಯುತ್ತದೆ. ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಬೇರೆ ಬೇರೆ ಅಳತೆಯ ತಾಮ್ರದ ವಾಶರ್, ನೈಟ್ರೈಲ್ ರಿಂಗ್, ಕ್ಲಿಪ್ ಹಾಕಿಡಿ. ಜೊತೆಗೆ ಒಂದು ಫಿಲ್ಟರ್ ಎಲಿಮೆಂಟ್, ಎರಡು ಮೀಟರ್ ಡೀಸೆಲ್ ಪೈಪ್, ಸಾಧ್ಯವಾದರೆ ನೋಜಲಿನ ಒಂದು ಉಕ್ಕಿನ ಪೈಪ್. ರಿಪೇರಿ ಮುಗಿದ ಮೇಲೆ ಒಂದು ಗಂಟೆ ಲೋಡ್ ಹಾಕಿ ಓಡಿಸಿ, ನಿಲ್ಲಿಸಿ, ಎಂಜಿನಿನ ಕೆಳಗೆ ಒಣ ರಟ್ಟು ಹಾಸಿ ರಾತ್ರಿ ಬಿಡಿ. ಬೆಳಿಗ್ಗೆ ರಟ್ಟು ಒಣಗಿದ್ದು, ಡಿಪ್‌ಸ್ಟಿಕ್ಕಿನ ಆಯಿಲ್ ಹಿಂದಿನ ಗೆರೆಯಲ್ಲೇ ಇದ್ದರೆ ಕೆಲಸ ಸರಿಯಾಗಿದೆ. ರಟ್ಟಿನ ಮೇಲೆ ಒಂದೇ ಒಂದು ಕಲೆ ಕಂಡರೂ ಅದರ ಮೇಲ್ಭಾಗದಿಂದ ಮತ್ತೆ ಹುಡುಕಿ. ಜೂನ್ ಮಳೆಯಲ್ಲಿ ಪೇಟೆಗೆ ಓಡುವುದಕ್ಕಿಂತ ಮೇ ಬಿಸಿಲಿನಲ್ಲಿ ಇನ್ನೊಂದು ವಾಶರ್ ಬದಲಿಸುವುದು ಸುಲಭ.